ಬಟ್ಟಲಿಗೆ ಕೂತ ಸೋಪು

ಜನವರಿ 9

ಇವರನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆ. ಮೆಟ್ಟಿಲು ಹತ್ತಿಸುವಾಗ ಹಿಂದಿನಿಂದ ಮೈದುನ ಹಿಡಿದಿದ್ದ, ಮುಂದಿನಿಂದ ನಾನು. ನಡುವೆ ನಿಂತು ಇವರು, "ನಾನೇನು ಬೀರುನಾ?" ಅಂದರು. ನಾಲಿಗೆ ತೊದಲಿದರೂ ಬೀರು ಮಾತ್ರ ಸ್ಪಷ್ಟವಾಗಿ ಬಂತು. ಮೈದುನ ನಕ್ಕ. ನನಗೆ ನಗಲು ಹೋಗಿ ಅಳು ಬಂತು, ಬಾಗಿಲಿನ ಬೀಗ ತೆಗೆಯುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಸ್ಟ್ರೋಕ್ ಚಿಕ್ಕದೇ, ಬಲಗೈಗೆ ನಿಧಾನವಾಗಿ ಬಲ ಬರುತ್ತೆ, ಮಾತೂ ತಿಳಿಯಾಗುತ್ತೆ, ತಾಳ್ಮೆ ಬೇಕು ಅಂದರು ಡಾಕ್ಟರು. ಯಾರಿಗೆ ಅಂತ ಹೇಳಲಿಲ್ಲ.

ತಂಗಿ ಫೋನ್ ಮಾಡಿದ್ದಳು. ಅವಳೂರಿನ ನಾಟಕ ಮಂದಿರದವರು ಹೊಸ ಪರದೆ ಹೊಲಿಸುತ್ತಾರಂತೆ. ವೆಲ್ವೆಟ್ಟು. "ನೀನು ಬರೋದಾದ್ರೆ ಮಾತ್ರ ಒಪ್ಕೊಳ್ತೀನಿ ಅಕ್ಕಾ, ಅಷ್ಟು ದೊಡ್ಡ ಬಟ್ಟೆ ನನ್ನೊಬ್ಬಳ ಕೈಯಲ್ಲಿ ಆಗಲ್ಲ" ಅಂದಳು. ಹುಚ್ಚಿ. ಇಲ್ಲಿ ನಾನು ಕೆಳಗಿನ ಅಂಗಡಿಗೆ ಹಾಲಿಗೆ ಹೋಗೋದೇ ದೊಡ್ಡ ಮಾತು. ಹೊಲಿಗೆ ಮಷಿನ್ನಿಗೆ ಹಳೇ ಚಾದರ ಹೊದಿಸಿ ಮೂಲೆಗೆ ಸರಿಸಿದೆ. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ವಾಪಸ್ಸು ಕಳಿಸಿಯಾಗಿದೆ.

ಜನವರಿ 11

ಬೆಳಿಗ್ಗೆ ಎದ್ದವರೇ ಗಡ್ಡ ಮುಟ್ಟಿ ನೋಡಿಕೊಂಡು, "ಶೇವಿಂಗ್" ಅಂದರು.

ಈ ಮನುಷ್ಯ ರೈಲ್ವೆ ಸ್ಟೇಷನ್ನಿನಲ್ಲಿ ಅನೌನ್ಸರು. ಒಂದು ಗೂಡಿನಂಥ ಕೋಣೆಯಲ್ಲಿ ಮೈಕಿನ ಮುಂದೆ ಕೂರುವವರು. ಇಡೀ ಊರಿಗೆ ಇವರ ದನಿ ಗೊತ್ತು, ಮುಖ ಒಬ್ಬರಿಗೂ ಗೊತ್ತಿಲ್ಲ. ಆದರೂ ಒಂದು ದಿನ ಶೇವ್ ಮಾಡದೆ ಕೆಲಸಕ್ಕೆ ಹೋದವರಲ್ಲ. ಮದುವೆಯಾದ ಹೊಸದರಲ್ಲಿ ಕೇಳಿದ್ದೆ, "ಮೈಕಿಗೆ ಮುಖ ಕಾಣುತ್ತೇನ್ರೀ?" "ಗಡ್ಡ ಬಿಟ್ಟರೆ ದನಿ ಸೋಮಾರಿಯಾಗುತ್ತೆ" ಅಂದಿದ್ದರು. ಅವತ್ತು ತಮಾಷೆ ಅಂದುಕೊಂಡಿದ್ದೆ.

ಇವರದು ಮರದ ಬಟ್ಟಲು, ಅದರೊಳಗೆ ದುಂಡನೆ ಸೋಪು. ಎಡಗೈಯಲ್ಲಿ ಬಟ್ಟಲು ಹಿಡಿದು, ಹೆಬ್ಬೆರಳಿನಿಂದ ಸೋಪನ್ನು ಅದುಮಿಟ್ಟುಕೊಂಡು, ಬಲಗೈಯಲ್ಲಿ ಬ್ರಷ್ ತಿರುಗಿಸಿ ನೊರೆ ಎಬ್ಬಿಸುತ್ತಿದ್ದರು. ಈಗ ಇರುವುದು ಒಂದೇ ಕೈ. ಎಡಗೈಗೆ ಬ್ರಷ್ ಬಂತು, ಬಟ್ಟಲು ಹಿಡಿಯಲು ಯಾರೂ ಇಲ್ಲ. ಬ್ರಷ್ ಒಂದು ಸುತ್ತು ತಿರುಗಿಸಿದರೆ ಸೋಪೂ ಜೊತೆಗೇ ತಿರುಗಿತು, ಬಟ್ಟಲು ಬೇಸಿನ್ನಿನ ಅಂಚಿನಿಂದ ಜಾರಿ ದಡಕ್ಕನೆ ಬಿತ್ತು, ಸೋಪು ಹಾರಿ ಬಕೆಟ್ಟಿನ ಹಿಂದೆ ಸೇರಿತು. ಬಾಗಿಲ ಹೊರಗೇ ನಿಂತಿದ್ದೆ, ನುಗ್ಗಿದೆ.

ಕೊನೆಗೆ ನಾನೇ ಕುರ್ಚಿಯಲ್ಲಿ ಕೂರಿಸಿ ಶೇವ್ ಮಾಡಿದೆ. ಕಣ್ಣು ಮುಚ್ಚಿಕೊಂಡೇ ಇದ್ದರು. ಮುಗಿದ ಮೇಲೆ "ಥ್ಯಾಂಕ್ಸ್" ಅಂದರು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ ಹೇಳುವ ಹಾಗೆ.

ಜನವರಿ 14

ವ್ಯಾಯಾಮ ಮಾಡಿಸುವ ಹುಡುಗಿ ಬಂದಿದ್ದಳು. ಬಾಯಿ ಜೋರು, ಕೈ ಮೆದು. ಶೇವಿಂಗಿನ ಕಥೆ ಕೇಳಿ, "ಮಿಷನ್ ರೇಜರ್ ತಗೊಂಡ್ಬಿಡಿ ಅಂಕಲ್" ಅಂದಳು. ಇವರು, "ಅದು ಹುಲ್ಲು ಕತ್ತರಿಸೋಕೆ" ಅಂದರು.

ಅವಳು ಸೋಲಲಿಲ್ಲ. "ಸರಿ, ಹಾಗಾದ್ರೆ ಬ್ರಷ್ಷನ್ನ ಬಲಗೈಯಲ್ಲೇ ಹಿಡಿಯಿರಿ. ಬಟ್ಟಲಲ್ಲಿ ದುಂಡಗೆ ತಿರುಗಿಸಿ. ನಾನು ಕೊಡೋ ರಬ್ಬರ್ ಚೆಂಡಿಗಿಂತ ಅದೇ ಒಳ್ಳೆಯದು. ಆದ್ರೆ ಬಟ್ಟಲೂ ಅಲ್ಲಾಡಬಾರದು, ಸೋಪೂ ಅಲ್ಲಾಡಬಾರದು."

ಹೇಳಿ ಹೋದಳು. ಅಲ್ಲಾಡದ ಹಾಗೆ ಮಾಡೋದು ನನ್ನ ಪಾಲಿಗೆ ಬಂತು.

ಜನವರಿ 15

ಬಟ್ಟಲಿನ ಸಮಸ್ಯೆ ಮುಗಿಯಿತು. ಸೋರುತ್ತಿದ್ದ ಬಿಸಿನೀರಿನ ಚೀಲದ ರಬ್ಬರನ್ನು ದುಂಡಗೆ ಕತ್ತರಿಸಿ ಬಟ್ಟಲಿನ ಅಡಿಗೆ ಅಂಟಿಸಿದೆ. ಬೇಸಿನ್ನಿನ ಪಕ್ಕದ ಕಟ್ಟೆಗೆ ಈಗ ಹಲ್ಲಿಯ ಹಾಗೆ ಕಚ್ಚಿಕೊಂಡು ಕೂರುತ್ತೆ. ತಿಂಗಳಾದ ಮೇಲೆ ಕತ್ತರಿ ಹಿಡಿದದ್ದು, ಕೈಗೆ ಹಿತವಾಯಿತು.

ಸೋಪು ಮಾತ್ರ ತಿರುಗುತ್ತಲೇ ಇದೆ. ಸವೆದು ಬಟ್ಟಲಿಗಿಂತ ಚಿಕ್ಕದಾಗಿದೆ. ಈಗ ಅಂಗಡಿಯಲ್ಲಿ ಸಿಗುವ ಹೊಸದು ಬಟ್ಟಲಿನ ಬಾಯಿಗಿಂತ ದೊಡ್ಡದು. ಮೈದುನ ಫೋನಿನಲ್ಲಿ, "ಅತ್ತಿಗೆ, ಗೋಂದು ಹಾಕಿ ಅಂಟಿಸಿಬಿಡಿ" ಅಂದ. ಗೋಂದಿನ ಮೇಲೆ ಸೋಪು, ಸೋಪಿನ ಮೇಲೆ ನೀರು, ಆ ನೀರು ನಿಮ್ಮಣ್ಣನ ಮುಖಕ್ಕೆ. ಬೇಡಪ್ಪಾ ಮಹಾರಾಯ ಅಂದೆ.

ಜನವರಿ 17

ಕರಗಿಸಿ ಹುಯ್ಯೋಣ ಅಂತ ಹೊರಟೆ. ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಮೇಲೆ ಇನ್ನೊಂದು ಪಾತ್ರೆಯಲ್ಲಿ ಸೋಪಿನ ಚೂರು. ಮೇಣದ ಹಾಗೆ ಕರಗುತ್ತೆ ಅಂದುಕೊಂಡಿದ್ದೆ. ಕರಗಲಿಲ್ಲ, ಅಂಟಂಟಾಗಿ ಉಬ್ಬಿತು. ಸ್ವಲ್ಪ ನೀರು ಹಾಕಿದೆ, ಇನ್ನಷ್ಟು ಉಬ್ಬಿತು. ಅಷ್ಟರಲ್ಲಿ ಇವರು ಕೆಮ್ಮಿದ ಸದ್ದಾಯಿತು, ಓಡಿದೆ. ಬರೀ ಕೆಮ್ಮು. ವಾಪಸ್ಸು ಬಂದರೆ ಒಲೆಯ ಮೇಲೆ, ಒಲೆಯ ಕೆಳಗೆ, ನೆಲದ ಮೇಲೆ ನೊರೆ. ಇವರು ಗೋಡೆ ಹಿಡಿದುಕೊಂಡು ಬಂದು ನೋಡಿ, ನಿಧಾನವಾಗಿ, ಒಂದೊಂದೇ ಪದ ಜೋಡಿಸಿ ಹೇಳಿದರು:

"ಅಡುಗೆಮನೆಗೆ... ಶೇವಿಂಗ್... ಮಾಡ್ತಿದ್ದೀಯಾ?"

ಒಲೆ ತಿಕ್ಕುತ್ತಾ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಚಹಾದಲ್ಲೂ ಸೋಪಿನ ವಾಸನೆ.

ಜನವರಿ 18

ಚಹಾ ಇನ್ನೂ ಹಾಗೇ ಇದೆ.

ಜನವರಿ 21

ಬೀದಿಯ ತುದಿಯಲ್ಲಿರುವ ಕ್ಷೌರದಂಗಡಿಯವರನ್ನು ಕೇಳಿಕೊಂಡು ಬಂದೆ. ಇವರು ಮಲಗಿದ್ದ ಹೊತ್ತು ನೋಡಿ ಓಡಿಹೋಗಿ ಓಡಿಬಂದದ್ದು. ಅವರು ಯಾರದೋ ಕಿವಿಯ ಸುತ್ತ ಕತ್ತರಿ ಆಡಿಸುತ್ತಲೇ ಹೇಳಿದರು: ಕಾಯಿಸಬಾರದು. ತುರಿಯಬೇಕು. ತುರಿದದ್ದಕ್ಕೆ ಬೆಚ್ಚನೆ ನೀರು ಚಿಮುಕಿಸಿ, ಹಿಟ್ಟು ನಾದಿದ ಹಾಗೆ ನಾದಿ, ಬಟ್ಟಲಿಗೆ ಒತ್ತಬೇಕು. ಅಂಚಿನಿಂದ ಶುರು ಮಾಡಿ ನಡುವಿಗೆ ಬರಬೇಕು. ಎಲ್ಲೂ ಗಾಳಿ ಸಿಕ್ಕಿಕೊಳ್ಳಬಾರದು. ಆಮೇಲೆ ಒಣಗಲು ಬಿಡಬೇಕು.

"ಎಷ್ಟು ಹೊತ್ತು?"

"ಅದಕ್ಕೆ ಬೇಕಾದಷ್ಟು ಹೊತ್ತು" ಅಂದರು. ಕುರ್ಚಿಯಲ್ಲಿದ್ದವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕ.

ಕ್ಯಾರೆಟ್ ತುರಿಯುವ ಮಣೆಯಲ್ಲಿ ತುರಿದು, ನಾದಿ, ಒತ್ತಿ ಇಟ್ಟೆ. ನೋಡಲು ಚೆನ್ನಾಗಿದೆ. ನಾಳೆಗೇ ಕೊಟ್ಟುಬಿಡುತ್ತೇನೆ, ಪಾಪ, ಎಷ್ಟು ದಿನ ನನ್ನ ಕೈಯಲ್ಲಿ ಮಾಡಿಸಿಕೊಳ್ಳುತ್ತಾರೆ.

ಜನವರಿ 24

ಸೋಪು ಕೂತಿದೆ! ಬ್ರಷ್ಷಿನ ಜೊತೆ ತಿರುಗುವುದಿಲ್ಲ. ಬಲಗೈ ಬ್ರಷ್ಷನ್ನು ಸರಿಯಾಗಿ ಹಿಡಿಯುವುದಿಲ್ಲ, ಬೆರಳು ಬಿಚ್ಚಿಬಿಡುತ್ತವೆ. ಆದರೂ ಒಂದೆರಡು ಸುತ್ತು ತಿರುಗಿಸುತ್ತಾರೆ. ರೇಜರ್ ಎಡಗೈಯಲ್ಲಿ. ಕೆನ್ನೆ ಪರವಾಗಿಲ್ಲ, ಗದ್ದದ ಕೆಳಗೆ ಗೀರಿಕೊಳ್ಳುತ್ತಾರೆ.

ನೊರೆ ಬೇಗ ಬರಲಿ ಅಂತ ಒಂದು ಉಪಾಯ ಮಾಡಿದ್ದೇನೆ. ಇವರು ಏಳುವ ಮೊದಲೇ ಹೋಗಿ ಬಟ್ಟಲಿಗೆ ಬಿಸಿನೀರು ಹಾಕಿ, ಸೋಪನ್ನು ನೆನೆಸಿ, ಬ್ರಷ್ ಆಡಿಸಿ ಅರ್ಧ ನೊರೆ ಎಬ್ಬಿಸಿಟ್ಟು ಬರುತ್ತೇನೆ. ಇವರಿಗೆ ಗೊತ್ತಿಲ್ಲ. "ಇವತ್ತು ನೊರೆ ಚೆನ್ನಾಗಿ ಬಂತು ಕಣೇ" ಅಂತ ಹೊರಗೆ ಬಂದಾಗ ನನ್ನ ಹೊಟ್ಟೆ ತಣ್ಣಗಾಗುತ್ತೆ.

ಜನವರಿ 27

ಸಿಕ್ಕಿಬಿದ್ದೆ.

ನಾನು ಬಟ್ಟಲಿನಲ್ಲಿ ಬ್ರಷ್ ಆಡಿಸುತ್ತಿದ್ದೆ, ಬಾಗಿಲಲ್ಲಿ ಇವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ದಿನಾ ಇದೇನಾ?"

"ಇಲ್ಲ ರೀ, ಇವತ್ತೊಂದು ದಿನ..."

"ನಾನು ಮಾಡ್ದೆ ಅಂದ್ಕೊಂಡಿದ್ದೆ."

ಅಷ್ಟೇ ಹೇಳಿದ್ದು. ಕೂಗಿದ್ದರೆ ನಾನೂ ಕೂಗುತ್ತಿದ್ದೆ. ಬಟ್ಟಲು ಕೈಗೆ ತೆಗೆದುಕೊಂಡು ನೋಡಿದರು. ದಿನಾ ನೆನೆಸಿ ನೆನೆಸಿ ಸೋಪಿನ ಮೇಲೆ ಲೋಳೆ, ಅಂಚು ಬಟ್ಟಲಿನ ಒಳಮೈಯಿಂದ ಬಿಟ್ಟುಕೊಂಡಿದೆ, ಬೆರಳಿನಿಂದ ದೂಡಿದರೆ ಇಡೀ ಬಿಲ್ಲೆ ಸರಕ್ಕನೆ ತಿರುಗಿತು. ಹಾಗೇ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ಹೋಗಿ ಕಿಟಕಿಯ ಪಕ್ಕ ಕೂತರು. ಶೇವ್ ಮಾಡಿಕೊಳ್ಳಲಿಲ್ಲ.

ಅವರಿಗಾಗಿ ತಾನೇ ಮಾಡಿದ್ದು? ನಾನೇನು ನನಗೆ ಗಡ್ಡ ಬಂದಿದೆ ಅಂತ ಮಾಡಿದೆನಾ?

ಜನವರಿ 28

ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾರೆ.

ಜನವರಿ 31

ಗಡ್ಡ ಅಲ್ಲಲ್ಲಿ ಬೆಳ್ಳಗೆ ಎದ್ದಿದೆ. ನನ್ನ ಗಂಡನ ಬದಲು ಯಾರೋ ದೂರದ ನೆಂಟರು ಬಂದು ಕೂತ ಹಾಗಿದೆ. ಸ್ಟೇಷನ್ ಮಾಸ್ಟರ್ ಫೋನ್ ಮಾಡಿದ್ದರು, ಬರುವ ತಿಂಗಳ ಕೊನೆಗೆ ಬಂದು ಮೈಕಿನಲ್ಲಿ ಒಂದು ಸಲ ಮಾತಾಡಿ ತೋರಿಸಬೇಕಂತೆ. ಸರಿಯಾದರೆ ಬೆಳಗಿನ ಪಾಳಿ ಕೊಡುತ್ತಾರೆ. ಇಲ್ಲದಿದ್ದರೆ ದಾಸ್ತಾನು ಕೋಣೆಯಲ್ಲಿ ಕುರ್ಚಿ. ಇವರು ಫೋನಿನಲ್ಲಿ "ಆಗಲಿ" ಅಂದರು, ಇಟ್ಟ ಮೇಲೆ ನನಗೆ ಕೇಳಿಸುವುದಿಲ್ಲ ಅಂದುಕೊಂಡು "ಪ್ಲಾಟ್‌ಫಾರ್ಮ್" ಅಂತ ಹೇಳಿ ನೋಡಿಕೊಂಡರು. ನಾಲಿಗೆ "ಪ್ಲಾ" ಹತ್ತಿರವೇ ಸಿಕ್ಕಿಬಿತ್ತು. ಇನ್ನೊಂದು ಸಲ. ಇನ್ನೊಂದು ಸಲ.

ನಾನು ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದೆ.

ಸಂಜೆ ಕ್ಷೌರದಂಗಡಿಯವರು ಸಿಕ್ಕಿದ್ದರು. ಸೋಪು ಬಿಟ್ಟುಕೊಂಡಿತು ಅಂದೆ. "ನೀರು ನಿಲ್ಲಿಸಿದ್ರಾ?" ಅಂದರು. "ನಿಲ್ಲಿಸಬಾರದಮ್ಮ. ಕೆಲಸ ಮುಗಿದ ಮೇಲೆ ಅದನ್ನ ಅದರ ಪಾಡಿಗೆ ಬಿಡಬೇಕು. ಮುಟ್ಟುತ್ತಾ ಇದ್ದರೆ ಯಾವತ್ತೂ ಕೂರಲ್ಲ." ಮೊದಲೇ ಹೇಳಬಾರದಿತ್ತೇ.

ಫೆಬ್ರವರಿ 2

ಬೆಳಿಗ್ಗೆ ತುರಿಯುವ ಮಣೆ, ಹೊಸ ಸೋಪು, ಬಟ್ಟಲು ಮೂರನ್ನೂ ಊಟದ ಮೇಜಿನ ಮೇಲೆ ಇಟ್ಟೆ. ಅವರ ಎದುರಿಗೇ. "ನೀವೇ ಮಾಡಿ" ಅಂದೆ.

ನನ್ನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು.

ಮೊದಲು ಹಳೇ ಸೋಪನ್ನು ಚಮಚದಿಂದ ಕೆರೆದು ತೆಗೆದು, ಬಟ್ಟಲನ್ನು ಒರೆಸಿಟ್ಟರು. ತುರಿಯಲು ಎಡಗೈ. ಮಣೆ ಜಾರುತ್ತಿತ್ತು, ಎದೆಗೆ ಒತ್ತಿಕೊಂಡು ತುರಿದರು, ಅಂಗಿಯೆಲ್ಲ ಸೋಪಿನ ಪುಡಿ. ನನ್ನ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಇಲ್ಲದಿದ್ದರೆ ಅವು ತಾವಾಗಿಯೇ ಎದ್ದು ಹೋಗುತ್ತಿದ್ದವು.

ನೀರು ಚಿಮುಕಿಸಿದರು. ನಾದಲು ಬಲಗೈ ಮುಂದೆ ಬಂತು. ಬಂತು ಅಂದರೆ ಎಡಗೈ ಅದನ್ನು ಎತ್ತಿ ತಂದು ಸೋಪಿನ ಮೇಲಿಟ್ಟಿತು. ಬೆರಳುಗಳು ಮೊದಲು ಸುಮ್ಮನೆ ಬಿದ್ದುಕೊಂಡಿದ್ದವು. ಆಮೇಲೆ ಒಂದು ಮಡಚಿತು.

"ಇನ್ನು ಸ್ವಲ್ಪ ನೀರು..." ಅಂದೆ.

"ಲೇ."

ಬಾಯಿ ಮುಚ್ಚಿದೆ.

ಉಂಡೆಯಾದ ಮೇಲೆ ಒಂದೊಂದು ಚೂರು ಮುರಿದು, ಬಲಗೈಯ ಹೆಬ್ಬೆರಳಿನಿಂದ ಬಟ್ಟಲಿನ ಅಂಚಿಗೆ ಒತ್ತಿದರು. ನಾನು ಒಂದೇ ಸಲ ತುಂಬಿದ್ದೆ. ಇವರು ಒಂದು ತೆಳು ಪದರ ಒತ್ತಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ, ಪೊಳ್ಳು ಅನ್ನಿಸಿದ ಕಡೆ ಮತ್ತೆ ಒತ್ತಿ, ಅದರ ಮೇಲೆ ಇನ್ನೊಂದು. ನಡುವೆ ಸ್ವಲ್ಪ ತಗ್ಗು ಬಿಟ್ಟರು, ಬ್ರಷ್ ಕೂರಲು. ಹಣೆ ಬೆವರಿತ್ತು. ಮಧ್ಯಾಹ್ನವಾಗಿತ್ತು. ಒಲೆಯ ಮೇಲೆ ಏನೂ ಇಟ್ಟಿರಲಿಲ್ಲ, ಬ್ರೆಡ್ಡು ತಿಂದೆವು. ಬ್ರೆಡ್ಡೂ ಸೋಪು ಸೋಪು. ಆದರೂ ಮುಗಿಸಿದೆವು. ಆಮೇಲೆ ಇವರು, "ನಿನ್ನ ಚಹಾಗಿಂತ ವಾಸಿ" ಅಂದರು.

ಬಟ್ಟಲನ್ನು ಮುಚ್ಚಳ ಹಾಕದೆ ಬೀರುವಿನ ಮೇಲೆ, ಗಾಳಿ ಆಡುವ ಕಡೆ ಇಟ್ಟೆವು.

ಫೆಬ್ರವರಿ 5

ನಾಲ್ಕು ಸಲ ಹೋಗಿ ನೋಡಿ ಬಂದೆ. ಮುಟ್ಟಲಿಲ್ಲ. ಇವರೂ ಹೋಗಿ ನೋಡುತ್ತಾರೆ, ಗೊತ್ತು, ಬೀರುವಿನ ಮುಂದೆ ಚಪ್ಪಲಿ ಇತ್ತು.

ಫೆಬ್ರವರಿ 7

ಒಣಗಿ ಗಟ್ಟಿಯಾಗಿದೆ. ಬಟ್ಟಲನ್ನು ತಲೆಕೆಳಗೆ ಮಾಡಿ ಕುಟ್ಟಿದರು. ಬೀಳಲಿಲ್ಲ.

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಹಾಕಬೇಡಿ ಅಂದೆ, ಹಾಕಲಿಲ್ಲ. ಅಷ್ಟು ದಿನದ ಗಡ್ಡ, ಬಹಳ ಹೊತ್ತು ಹಿಡಿಯಿತು. ಹೊರಗೆ ನಿಂತು ಕೇಳಿಸಿಕೊಂಡೆ. ಬ್ರಷ್ ತಿರುಗುವ ಸದ್ದು, ಬಿಟ್ಟು ಬಿಟ್ಟು. ಕೊನೆಗೆ ಬಾಗಿಲು ತೆರೆದಾಗ ಗದ್ದದ ಕೆಳಗೆ ಎರಡು ಕಡೆ ಕಾಗದದ ಚೂರು ಅಂಟಿಸಿಕೊಂಡು, ಕಿವಿಯ ಹತ್ತಿರ ನೊರೆ ಬಿಟ್ಟುಕೊಂಡು ನಿಂತಿದ್ದರು. ನೆಂಟರು ಹೊರಟುಹೋಗಿ ನನ್ನ ಗಂಡ ವಾಪಸ್ಸು ಬಂದಿದ್ದರು.

ನೊರೆ ಒರೆಸಲು ಹೋದ ಕೈಯನ್ನು ಹಿಂದಕ್ಕೆಳೆದುಕೊಂಡು, "ಕಿವಿ" ಅಂದೆ. ಒರೆಸಿಕೊಂಡರು.

ಫೆಬ್ರವರಿ 12

ಬಟ್ಟಲಿಗೆ ಈಗ ಒಂದು ಕ್ರಮವಿದೆ, ಅದು ಇವರದೇ. ಬ್ರಷ್ಷನ್ನು ಬಿಸಿನೀರಿನಲ್ಲಿ ಅದ್ದಿ, ಕೊಡವಿ, ಆಮೇಲಷ್ಟೇ ಸೋಪಿಗೆ. ಮುಗಿದ ಮೇಲೆ ಉಳಿದ ನೊರೆಯನ್ನು ಬೆರಳಿನಿಂದ ಬಳಿದು ತೆಗೆದು, ಬಟ್ಟಲನ್ನು ಓರೆಯಾಗಿ ಹಿಡಿದು ನೀರು ಬಸಿದು, ಮರಕ್ಕೆ ನೀರು ಇಳಿಯದ ಹಾಗೆ ಹೊರಮೈ ಒರೆಸಿ, ಬಚ್ಚಲಿನ ಹಬೆಯಿಂದ ಹೊರಗೆ ತಂದು ಕಿಟಕಿಯ ಹತ್ತಿರ ತೆರೆದಿಡುತ್ತಾರೆ. ಮುಚ್ಚಳ ಸಂಜೆಗೆ. ಅಕಸ್ಮಾತ್ ನಾನು ಮೊದಲೇ ಮುಚ್ಚಿದರೆ ತೆಗೆದಿಟ್ಟು ನನ್ನ ಮುಖ ನೋಡುತ್ತಾರೆ.

ನೊರೆ ಎಬ್ಬಿಸುವಾಗ ಅನೌನ್ಸ್‌ಮೆಂಟ್ ಅಭ್ಯಾಸ. ಇವತ್ತು ಬಾಗಿಲ ಒಳಗಿನಿಂದ ಬಂದದ್ದು: "ಪ್ರಯಾಣಿಕರ ಗಮನಕ್ಕೆ. ಅಡುಗೆಮನೆಯಿಂದ ಬರಬೇಕಾಗಿದ್ದ ಚಹಾ... ತಡವಾಗಿ ಬರಲಿದೆ. ಆಗಿರುವ ಅನಾನುಕೂಲಕ್ಕೆ... ನನ್ನ ಹೆಂಡತಿ ವಿಷಾದಿಸುವುದಿಲ್ಲ."

ವಿಷಾದಿಸುವುದಿಲ್ಲ ಅನ್ನುವ ಅಷ್ಟುದ್ದದ ಪದ ಎಲ್ಲೂ ಎಡವದೆ ಬಂತು.

ಮೇಲಿನ ಮನೆಯವರು ಮಗಳ ಲಂಗ ತಂದಿದ್ದರು, ಸೊಂಟ ಬಿಡಿಸಬೇಕಂತೆ. ಚಿಕ್ಕ ಕೆಲಸ ಅಂತ ಇಟ್ಟುಕೊಂಡೆ. ಮಷಿನ್ನಿಗೆ ಎಣ್ಣೆ ಬಿಟ್ಟೆ.

ಫೆಬ್ರವರಿ 18

ಲಂಗ ಆಯಿತು. ಮೇಲಿನ ಮನೆಯವರ ನಾದಿನಿಯ ಎರಡು ಕುಪ್ಪಸ ಬಂತು. ತೋಳು ಕೂರಿಸುವುದರಲ್ಲಿ ಮುಳುಗಿದ್ದೆ, ತಲೆ ಎತ್ತಿದರೆ ಇವರು ಶೇವ್ ಮಾಡಿ, ಸ್ನಾನ ಮಾಡಿ, ಅಂಗಿ ಹಾಕಿ ಪೇಪರ್ ಓದುತ್ತಾ ಕೂತಿದ್ದಾರೆ. "ಯಾವಾಗ ಎದ್ದಿರಿ?" ಅಂದೆ. "ಚಹಾನೂ ನಾನೇ ಮಾಡ್ಕೊಂಡೆ" ಅಂದರು. ತೋಳು ಚೆನ್ನಾಗಿ ಕೂತಿದೆ, ಒಂದು ನೆರಿಗೆಯಿಲ್ಲ.

ಫೆಬ್ರವರಿ 23

ಸೋಪಿನ ನಡುವೆ ಗುಂಡಿ ಬಿದ್ದಿದೆ, ಬ್ರಷ್ ಒಂದೇ ಕಡೆ ತಿರುಗಿ. ಬುಡದ ಮರ ಕಾಣುವವರೆಗೆ ಬಿಡಬಾರದು ಅಂತ ಸ್ವಲ್ಪ ತುರಿದು ಗುಂಡಿಗೆ ಒತ್ತಿ ಸಮ ಮಾಡಿದರು. ನಾನು ನೋಡಲಿಲ್ಲ, ಅವರೇ ಹೇಳಿದ್ದು. ನಾಳೆ ಶೇವ್ ಇಲ್ಲ, ಒತ್ತಿದ ಸೋಪು ಒಣಗಬೇಕು.

ತಂಗಿ ಮತ್ತೆ ಫೋನ್ ಮಾಡಿದ್ದಳು. ನಾಟಕ ಮಂದಿರದವರು ಬೇರೆ ಯಾರನ್ನೋ ಕೇಳಿದರಂತೆ, ಅವರು ವೆಲ್ವೆಟ್ಟಿನ ರೋಮ ಒಂದು ತುಂಡಿನಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ ಬರುವ ಹಾಗೆ ಜೋಡಿಸಿ, ಒಂದೇ ಬಟ್ಟೆಯಾದರೂ ಅರ್ಧ ಪರದೆ ಕಪ್ಪು, ಅರ್ಧ ಕೆಂಪು ಕಾಣುತ್ತಿದೆಯಂತೆ. ಹೊಟ್ಟೆ ಉರಿಯಿತು. ಅಷ್ಟು ಒಳ್ಳೆ ಬಟ್ಟೆ! ಬಿಚ್ಚಿ ಮತ್ತೆ ಹೊಲಿಯಬೇಕು, ಆ ಕೆಲಸ ಈಗ ತಂಗಿಗೇ ಬಂದಿದೆ. ದಾರ ಯಾವುದು ಹಾಕಿದ್ದಾರೆ, ಹೊಲಿಗೆ ಎಷ್ಟು ಒತ್ತಾಗಿದೆ ಅಂತ ಕೇಳುತ್ತಾ ಕೂತೆ. ಫೋನ್ ಇಟ್ಟ ಮೇಲೆ ಇವರು, "ಹೋಗಿ ಬಾ" ಅಂದರು. "ನೋಡೋಣ" ಅಂದೆ.

ಫೆಬ್ರವರಿ 27

ಇವತ್ತು ಸ್ಟೇಷನ್ನಿಗೆ ಹೋಗಿ ಬಂದೆವು. ನಾನು ಮೈಕಿನ ಕೋಣೆಯ ಹೊರಗೆ ಬೆಂಚಿನ ಮೇಲೆ. ಒಳಗೆ ಸ್ಟೇಷನ್ ಮಾಸ್ಟರ್, ಇನ್ನೊಬ್ಬ ಅಧಿಕಾರಿ. ಗಾಜಿನಾಚೆ ಇವರ ಕೆನ್ನೆ ಕಾಣುತ್ತಿತ್ತು, ನುಣ್ಣಗೆ.

ಮೂರು ರೈಲು ಘೋಷಿಸಿದರು. ಎರಡನೆಯದರಲ್ಲಿ "ಪ್ಲಾಟ್‌ಫಾರ್ಮ್" ಬರುವ ಮೊದಲು ಒಂದು ಉಸಿರಿನಷ್ಟು ನಿಂತರು. ಆಮೇಲೆ ಬಂತು. ಹಳೇ ದನಿಯಲ್ಲ, ಸ್ವಲ್ಪ ನಿಧಾನ. ಪೆಟ್ಟಿಗೆ ಹೊತ್ತು ಓಡುತ್ತಿದ್ದ ಒಬ್ಬ ಮುದುಕರು ನಿಂತು, ಪೂರ್ತಿ ಕೇಳಿ, ಸರಿಯಾದ ಕಡೆ ತಿರುಗಿ ಹೋದರು.

ಅಧಿಕಾರಿ ಹೊರಗೆ ಬಂದು, "ಮೊದಲಿಗಿಂತ ಈಗಲೇ ಅರ್ಥವಾಗುತ್ತೆ. ಮೊದಲು ಬಹಳ ವೇಗ ಇತ್ತು" ಅಂದರು. ಸೋಮವಾರದಿಂದ ಬೆಳಗಿನ ಪಾಳಿ.

ಮನೆಗೆ ನಡೆದೇ ಬಂದೆವು. ಇವರು ದಾರಿಯುದ್ದಕ್ಕೂ, "ವೇಗ ಇತ್ತಂತೆ, ಎಷ್ಟು ವರ್ಷದಿಂದ ಅನೌನ್ಸ್ ಮಾಡ್ತಿದ್ದೀನಿ, ಒಬ್ಬನೂ ಹೇಳಲಿಲ್ಲ" ಅಂತ ಗೊಣಗಿದರು. ನಾನು ಹೇಳಿದ್ದೆ. ಈಗ ಯಾಕೆ ಅಂತ ಸುಮ್ಮನಿದ್ದೆ. ತಂಗಿಗೆ ಬರುತ್ತೇನೆ ಅಂತ ತಿಳಿಸಿದೆ.

ಮಾರ್ಚ್ 6, ತಂಗಿಯ ಮನೆ

ಬೆಳಿಗ್ಗೆ ಇವರು ನನಗಿಂತ ಮೊದಲೇ ಡ್ಯೂಟಿಗೆ ಹೊರಟರು. ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಾ, "ನಿನ್ನ ರೈಲು ನಂದೇ ಪಾಳಿಗೆ ಬರುತ್ತೆ. ಕೇಳಿಸ್ಕೋ" ಅಂದರು. ಹೂಂ ಅಂದೆ.

ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಹೆಂಗಸು ಕೂತಳು. ವೆಲ್ವೆಟ್ಟಿನ ಕಾಲರಿನ ಕೋಟು. ಕಾಲರಿನ ಎಡಭಾಗ ಹೊಳೆಯುತ್ತೆ, ಬಲಭಾಗ ಮಂಕು. ತಡೆಯಲಾಗಲಿಲ್ಲ, "ಇದನ್ನ ಯಾರು ಹೊಲಿದದ್ದು?" ಅಂತ ಕೇಳಿಬಿಟ್ಟೆ. ಅವಳೂ ಅದನ್ನೇ ಕಾಯುತ್ತಿದ್ದವಳ ಹಾಗೆ ಶುರು ಮಾಡಿದಳು. ಕೋಟು ಬಿಚ್ಚಿ ತೊಡೆಯ ಮೇಲೆ ಹರಡಿದೆವು. ಒಳಗಿನ ಹೊಲಿಗೆ ನೋಡಿದೆ. ಇಲ್ಲಿ ಬಿಚ್ಚಿ, ಈ ತುಂಡನ್ನು ತಿರುಗಿಸಿ ಹಾಕಿಸಿ, ಬಟ್ಟೆ ಸಾಲುತ್ತೆ ಅಂತ ತೋರಿಸುತ್ತಿದ್ದೆ, ಜನ ಎದ್ದರು, ನಾವೂ ಎದ್ದೆವು, ರೈಲು ಬಂದು ನಿಂತಿತ್ತು, ಹತ್ತಿದೆವು. ಊರು ದಾಟಿ ಹೊಲಗಳು ಶುರುವಾದ ಮೇಲೆ ನೆನಪಾಯಿತು. ಕೇಳಿಸಿಕೊಳ್ಳಲೇ ಇಲ್ಲ.

ತಂಗಿಯ ಮನೆಗೆ ಬಂದು ಚೀಲ ಇಡುವ ಮೊದಲೇ ಫೋನ್ ಮಾಡಿದೆ.

"ಹೇಗಿತ್ತು?" ಅಂದರು.

ಚೆನ್ನಾಗಿತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಕೇಳಿಸಲಿಲ್ಲ ರೀ" ಅಂದೆ. "ಪಕ್ಕದವಳ ಕೋಟಿನ ಕಾಲರ್ ನೋಡ್ತಾ ಕೂತುಬಿಟ್ಟೆ."

ಸಿಟ್ಟು ಬರುತ್ತೆ ಅಂದುಕೊಂಡೆ. ನಕ್ಕರು. ಹೊಟ್ಟೆಯಿಂದ ನಗುವ ನಗು, ಅದನ್ನು ಕೇಳಿ ಎಷ್ಟು ದಿನವಾಗಿತ್ತು.

"ಸರಿಯಾದ ರೈಲು ಹತ್ತಿದೆ ತಾನೇ?"

"ಹತ್ತಿದೆ."

"ಸರಿಯಾದ ಪ್ಲಾಟ್‌ಫಾರ್ಮಲ್ಲಿ?"

"ಹೂಂ."

"ಮತ್ತೇನು. ನಾನು ತಪ್ಪಿದ್ದರೆ ನಿನಗೆ ಮೊದಲು ಕೇಳಿಸ್ತಿತ್ತು ಬಿಡು." ಆಮೇಲೆ, "ಕಾಲರಿಗೆ ಏನಾಗಿತ್ತು?" ಅಂದರು.

ರೋಮದ ದಿಕ್ಕಿನಿಂದ ಶುರು ಮಾಡಿದೆ. ಇವರು ನಡುನಡುವೆ ಹೌದಾ, ಆಮೇಲೆ ಅನ್ನುತ್ತಿದ್ದರು. ಒಳಗಿನ ಕೋಣೆಯಿಂದ ತಂಗಿ, "ಅಕ್ಕಾ, ಬಟ್ಟೆ ಹಾಸಿದ್ದೀನಿ, ಬರ್ತೀಯೋ ಇಲ್ವೋ?" ಅಂತ ಕೂಗಿದಳು. ಬಂದೆ ಇರು ಅಂದೆ. ಕೋಟಿನ ಬೆನ್ನಿನ ಹೊಲಿಗೆಯ ವಿಷಯ ಇನ್ನೂ ಹೇಳುವುದಿತ್ತು.